ಸೋಫಿಗಾಗಿ ಕಾದ ಮಡಿ

ಗೆಸ್ಕೆ ನಲವತ್ತು ವರ್ಷ ಓಲ್ಡನ್‌ಬುರ್ಗ್ ಊರಿನ ಬೀದಿಗಳಲ್ಲಿ ಸೈಕಲ್ ಮೇಲೆ ಅಂಚೆ ಹಂಚಿದವಳು. ಈಗ ಅವಳ ಮಂಡಿಗಳು ಬಗ್ಗುವುದಿಲ್ಲ. ರೈಲು ಹಳಿಯಾಚೆಗಿನ ನಮ್ಮ ಬಾಡಿಗೆ ತೋಟಗಳ ಸಾಲಿನಲ್ಲಿ ಅವಳದು ನನ್ನ ಬೇಲಿಗೆ ಅಂಟಿಕೊಂಡದ್ದು. ಅವಳ ಕೈ ನೆಲಕ್ಕೆ ಎಟುಕದೆ ಹೋದ ಎರಡು ವರ್ಷಗಳಲ್ಲಿ ಅಲ್ಲಿ ಹೂಗಳು ತಮ್ಮ ಪಾಡಿಗೆ ತಾವು ಹರಡಿಕೊಂಡವು. ತೋಟದ ಮೂರನೇ ಒಂದು ಪಾಲು ತಿನ್ನುವ ಬೆಳೆ ಇರಬೇಕು ಎಂಬುದು ತೋಟಗಾರರ ಸಂಘದ ನಿಯಮ. ಸೇಬಿನ ಮರವನ್ನು ಸೇರಿಸಿ ಅಳೆದರೂ ಒಂದು ಉದ್ದ ಮಡಿಯಷ್ಟು ಕಡಿಮೆ. ಮೇ ಹದಿಮೂರರ ತಪಾಸಣೆಯಲ್ಲೂ ಹೀಗೇ ಇದ್ದರೆ ತೋಟ ಬಿಟ್ಟುಕೊಡಬೇಕೆಂದು ಪತ್ರ ಬಂತು. ಗೆಸ್ಕೆ ಅದನ್ನು ಮಡಿಸಿ ಬೀಜದ ಡಬ್ಬಿಯಲ್ಲಿಟ್ಟಳು.

ಮಾರ್ಚಿನಲ್ಲಿ ಸೊಂಟದೆತ್ತರದ ಮಡಿ ಕಟ್ಟಲು ಹಲಗೆಗಳು ಬಂದವು. ಎದುರು ತೋಟದ ಬಡಗಿ ಹಿನರ್ಕ್ ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಕೇಳಿದ: "ಇದೇನು ಮಾರಾಯ್ತಿ, ಶವಪೆಟ್ಟಿಗೇನಾ?"

"ಹೂಂ, ನಿನ್ನ ಅಳತೆಗೇ. ನೆಟ್ಟಗೆ ಹೊಡಿ."

ತಳಕ್ಕೆ ಇಲಿ ನುಗ್ಗದಂತೆ ತಂತಿ ಜಾಲರಿ. ಅದರ ಮೇಲೆ ಸೇಬಿನ ಒಣ ಕೊಂಬೆಗಳು, ಹುಲ್ಲು ಕೆಳಮುಖವಾಗಿ ಮಗುಚಿದ ಮಣ್ಣಿನ ಹೆಂಟೆಗಳು, ಹಿಂದಿನ ಶರತ್ಕಾಲದ ಎಲೆಗಳು, ಕುದುರೆ ಲದ್ದಿ, ಕೊನೆಗೆ ಕಪ್ಪು ಮಣ್ಣು. ವಾರದೊಳಗೆ ಮುಂಜಾನೆಯ ಚಳಿಯಲ್ಲಿ, ಕೊಳೆಯುವ ಲದ್ದಿಯ ಕಾವಿಗೆ, ಮಡಿಯಿಂದ ತೆಳ್ಳಗೆ ಹಬೆ ಏಳತೊಡಗಿತು. ಗೆಸ್ಕೆ ನಿಂತಲ್ಲೇ ಮೊಣಕೈವರೆಗೆ ತೋಳಿಳಿಸಿ ಕಣ್ಣು ಮುಚ್ಚುತ್ತಿದ್ದಳು. ಒಳಗೆಲ್ಲೋ ಬೇಸಿಗೆ ಉಸಿರಾಡುತ್ತಿದೆ ಅನ್ನುತ್ತಿದ್ದಳು. ಎಷ್ಟೋ ಹೊತ್ತು ಹಾಗೇ ಇರುತ್ತಿದ್ದಳು.

ಮೇ ಹನ್ನೆರಡರಂದು ಟೊಮೇಟೊ ಸಸಿಗಳನ್ನು ತೋಟಕ್ಕೆ ತಂದಳು.

"ಇವತ್ತೇ ನೆಡ್ತೀಯಾ?" ಹಿನರ್ಕ್ ಬೇಲಿಗೆ ಬಂದ. "ಸೋಫಿ ಇನ್ನೂ ಆಗಿಲ್ಲ."

ಎಳೆ ಸಸಿಗಳನ್ನು ಸುಡುವ ವಸಂತದ ಕೊನೆಯ ಹಿಮ ಸಂತ ಸೋಫಿಯ ಹಬ್ಬದ ದಿನದವರೆಗೂ ಬೀಳಬಹುದು. ಅದು ಹದಿನೈದಕ್ಕೆ.

"ತಪಾಸಣೆಗೆ ಬೋಲೆನ್ ಬರೋದು ನಾಳೆ."

"ನೆಟ್ರೆ ಬೋಲೆನ್ ಖುಷಿಪಡ್ತಾರೆ. ಆಮೇಲೆ ಅವೆಲ್ಲ ಸೋಫಿ ಪಾಲು."

ಗೆಸ್ಕೆ ಒಂದು ಸಸಿಯ ಎಲೆ ಮುಟ್ಟಿ ಬೆರಳು ಮೂಸಿದಳು. ಮಧ್ಯಾಹ್ನದ ರೈಲು ಹೋಯಿತು. ಆಮೇಲೆ ಕುಂಡಗಳನ್ನು ಒಂದೊಂದಾಗಿ ಮತ್ತೆ ಬುಟ್ಟಿಗಿಟ್ಟಳು. "ಮನೆ ಕಿಟಕೀಲಿ ಬಿಸಿಲು ಚೆನ್ನಾಗಿರತ್ತೆ," ಎಂದಳು, ಯಾರಿಗೂ ಅಲ್ಲದಂತೆ.

ಮರುದಿನ ಸಂಘದ ಶ್ರೀಮತಿ ಬೋಲೆನ್ ಪುಸ್ತಕ ಹಿಡಿದು ಬಂದರು. ಮಡಿಯಲ್ಲಿ ಬರಿಯ ಮಣ್ಣು.

"ಇಲ್ಲೇನು ಬೆಳೆ?"

"ಟೊಮೇಟೊ."

"ನಂಗೆ ಕಾಣಿಸ್ತಿಲ್ವಲ್ಲ."

"ಸೋಫಿ ಕಳೀಲಿ, ಕಾಣಿಸುತ್ತೆ."

ಬೋಲೆನ್ ಕೈಗವಸು ತೆಗೆದು ಮಣ್ಣಿನೊಳಗೆ ಮಣಿಕಟ್ಟಿನವರೆಗೆ ಕೈಯಿಟ್ಟರು. ಒಳಗೆ ಬೆಚ್ಚಗಿತ್ತು; ತಕ್ಷಣ ತೆಗೆಯಲಿಲ್ಲ. ಅವರ ಮುಖದ ಬಿಗುವು ಮೆಲ್ಲಗೆ ಸಡಿಲಾಯಿತು.

"ಲದ್ದಿ ಯಾವಾಗ ಹಾಕಿದ್ರಿ?"

"ಮಾರ್ಚಲ್ಲಿ."

"ನನ್ನ ಸಸಿಗಳೂ ಇನ್ನೂ ಅಡುಗೆಮನೆ ಕಿಟಕೀಲೇ ಇವೆ," ಎಂದು ಕೈ ಒರೆಸಿಕೊಂಡು ಬರೆದರು: ಒಂದು ಮಡಿ, ಟೊಮೇಟೊ.

ಹದಿನಾಲ್ಕರ ಬೆಳಗ್ಗೆ ಇಡೀ ಸಾಲು ಹಿಮ ಬಿದ್ದು ಬೆಳ್ಳಗಿತ್ತು. ಹಿನರ್ಕ್‌ನ ಬೀನ್ಸ್ ಕಪ್ಪಾಗಿ ತಲೆಬಾಗಿದ್ದವು. ಅವನು ಅವನ್ನು ಕಿತ್ತು ಬುಟ್ಟಿಗೆ ಹಾಕುತ್ತಿದ್ದ.

ಹದಿನಾರಕ್ಕೆ ಗೆಸ್ಕೆ ನೆಟ್ಟಳು, ನಿಂತುಕೊಂಡೇ.