ಪಾಸಾದ ಗಾಡಿಯ ಟೈರುಗಳು

ಶುಕ್ರವಾರ ಬೆಳಿಗ್ಗೆ, ಬಿಸಿಲು ಏರುವ ಮೊದಲೇ, ಕೊಲ್ಲಿ ದೇಶದ ಹಮ್ರಿಯಾದಲ್ಲಿ, ನಮ್ಮ ಕಟ್ಟಡದ ಹಿಂದಿನ ಬಯಲಿನಲ್ಲಿ ಕಾರು ನಿಲ್ಲಿಸಿ ಬಾನೆಟ್ ಎತ್ತಿದೆ. ಮರುದಿನ ಟ್ರಾಫಿಕ್ ಪೊಲೀಸರ ವರ್ಷಕ್ಕೊಮ್ಮೆಯ ತಪಾಸಣೆ. ಅದರಲ್ಲಿ ಪಾಸಾಗದೆ ಮುಲ್ಕಿಯಾ, ಅಂದರೆ ನೋಂದಣಿ ಕಾರ್ಡು, ನವೀಕರಣವಾಗುತ್ತಿರಲಿಲ್ಲ. ತೊಂಬತ್ತರ ದಶಕದ ಆರಂಭ ಅದು. ನಾನು ಒಂದು ಇಂಗ್ಲಿಷ್ ದಿನಪತ್ರಿಕೆಯ ಡೆಸ್ಕಿನಲ್ಲಿದ್ದೆ. ಬೇರೆಯವರ ಕಣ್ಣಿಗೆ ಬೀಳುವ ಮೊದಲು ತಪ್ಪು ನನ್ನ ಕಣ್ಣಿಗೆ ಬೀಳಬೇಕು ಎನ್ನುವುದು ಕೆಲಸದಿಂದ ಅಂಟಿದ ಚಾಳಿ. ಹಾಗಾಗಿ ಗಾಡಿಯನ್ನು ನಾನೇ ನೋಡಿಕೊಳ್ಳುತ್ತಿದ್ದೆ.

ಆಯಿಲ್, ವೈಪರ್, ಹಾರ್ನ್ ಸರಿಯಿದ್ದವು. ಹೆಂಡತಿ ಹಿಂದೆ ನಿಂತು, ನಾನು ಬ್ರೇಕ್ ಒತ್ತಿದಾಗ, "ಎಡದ್ದು ಉಂಟು, ಬಲದ್ದೂ ಉಂಟು, ಇನ್ನು ನಾನು ಒಳಗೆ ಹೋಗ್ಲಾ? ದೋಸೆ ಕರಟ್ತದೆ" ಎಂದಳು. ಕೊನೆಗೆ ಡಿಕ್ಕಿ ತೆಗೆದು ಹಾಸು ಎತ್ತಿದೆ. ಅಲ್ಲಿದ್ದ ಸ್ಟೆಪ್ನಿ ನನ್ನದಲ್ಲ. ನನ್ನದು ಒಮ್ಮೆಯೂ ರಸ್ತೆ ಮುಟ್ಟದ ಟೈರು. ಇದರ ಗೀರುಗಳೆಲ್ಲ ಸವೆದು ಹೋಗಿದ್ದವು, ಪಕ್ಕೆಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬು.

"ಪಕ್ಕದ ಮನೆ ಅಣ್ಣ ಹೋದ ವಾರ ಕೀ ಕೇಳಿದ್ರು," ಎಂದಳು ಹೆಂಡತಿ. "ನೀವು ನೈಟ್ ಡ್ಯೂಟಿ ಮುಗಿಸಿ ಮಲಗಿದ್ರಿ. ಟೆಸ್ಟ್ ಉಂಟು, ಸ್ಟೆಪ್ನಿ ಬೇಕು ಅಂದ್ರು. ವಾಪಸ್ ಇಟ್ಟಿದ್ದೇನೆ ಅಂತ ಕೀ ಕೊಟ್ಟು ಹೋದ್ರಲ್ಲ!"

ನಮ್ಮ ಕಟ್ಟಡದಲ್ಲಿ ಹಲವರ ಹತ್ತಿರ ಇದ್ದದ್ದು ಒಂದೇ ಮಾದರಿಯ ಜಪಾನಿ ಕಾರು, ಎಲ್ಲವೂ ಸೆಕೆಂಡ್ ಹ್ಯಾಂಡ್. ತಪಾಸಣೆಯಲ್ಲಿ ತೋರಿಸಬೇಕಾದ ಕೆಂಪು ತ್ರಿಕೋನ ಮತ್ತು ಬೆಂಕಿ ಆರಿಸುವ ಸಿಲಿಂಡರ್ ಒಂದು ಡಿಕ್ಕಿಯಿಂದ ಇನ್ನೊಂದು ಡಿಕ್ಕಿಗೆ ಓಡಾಡುವುದು ಎಲ್ಲರಿಗೂ ಗೊತ್ತಿತ್ತು. ಅದನ್ನು ಹೇಳಿಕೊಂಡು ನಗುತ್ತಿದ್ದೆವು. ಟೈರುಗಳೂ ಆ ಓಡಾಟಕ್ಕೆ ಸೇರಿದ್ದು ನನಗೆ ಹೊಳೆದದ್ದು ಈಗ. ಯಾರ ಟೆಸ್ಟ್ ಇದೆಯೋ ಅವರು ನಾಲ್ಕು ಡಿಕ್ಕಿಗಳಿಂದ ನಾಲ್ಕು ಹೊಸ ಸ್ಟೆಪ್ನಿ ತಂದು ಹಾಕಿಕೊಂಡು ಪಾಸಾಗುವುದು, ಸಂಜೆಯೇ ಬಿಚ್ಚಿ ಮುಂದಿನವನಿಗೆ ದಾಟಿಸುವುದು.

ಹಾಗಾದರೆ ಪಕ್ಕದ ಮನೆಯವನ ಕಾರಿಗೆ ಈಗ ಇರುವುದು ಯಾವ ಟೈರು? ಆ ಕಾರಿನಲ್ಲೇ ನನ್ನ ಮಗಳು ದಿನವೂ ಶಾಲೆಗೆ ಹೋಗುತ್ತಿದ್ದಳು. ಜೊತೆಗೆ ಅವನ ಇಬ್ಬರು ಮಕ್ಕಳು, ಮೇಲಿನ ಮನೆಯ ಮೈಸೂರಿನ ಎಂಜಿನಿಯರರ ಮಗ.

ನಾಲ್ಕು ಹೆಜ್ಜೆ ನಡೆದು ಬಗ್ಗಿ ಕೈಯಿಟ್ಟೆ. ಮುಂದಿನ ಎರಡೂ ಅಂಗೈಯಂತೆ ನುಣುಪು. ಹಿಂದಿನ ಒಂದರಲ್ಲಿ ರಬ್ಬರು ಸವೆದು ತಂತಿ ಇಣುಕುತ್ತಿತ್ತು. ಸಹಮ್ ದಾರಿಯಲ್ಲಿ, ಬುರೈಮಿ ದಾರಿಯಲ್ಲಿ ಟೈರು ಸಿಡಿದು ಕಾರು ಉರುಳಿದ ಸುದ್ದಿಗಳನ್ನು ಬೇಸಿಗೆಯಿಡೀ ನಾನೇ ಎರಡು ಪ್ಯಾರಾಗಳಿಗೆ ಇಳಿಸುತ್ತಿದ್ದೆ. ಹೆಚ್ಚು ಜಾಗ ಇರುತ್ತಿರಲಿಲ್ಲ.

ಪಕ್ಕದ ಮನೆಯವನು ಲುಂಗಿಯಲ್ಲಿ, ಚಹಾದ ಲೋಟ ಹಿಡಿದು ಇಳಿದು ಬಂದ. ಉಡುಪಿ ಕಡೆಯವನು, ಒಂದು ಕಂಪನಿಯಲ್ಲಿ ಸ್ಟೋರ್ ಕೀಪರ್.

"ಎಂತ ಅಣ್ಣ, ನನ್ನ ಗಾಡಿಗೂ ಟೆಸ್ಟಾ?"

"ಈ ಟೈರಿನಲ್ಲಿ ಮಕ್ಕಳನ್ನು ಕೂರಿಸ್ತೀರಾ?"

"ಪಾಸಾಗಿದೆ ಮಾರಾಯ್ರೆ. ಮುಲ್ಕಿಯಾ ಬಂತು, ಖಲಾಸ್. ಇನ್ನು ಒಂದು ವರ್ಷ ಯಾರೂ ಕೇಳುದಿಲ್ಲ."

"ಪಾಸಾದದ್ದು ನನ್ನ ಟೈರು."

"ಅಯ್ಯೋ, ನೀವು ಪೇಪರಿನವರು. ಚಹಾ ಚೆಲ್ಲಿದ್ರೂ ಹೆಡ್ಡಿಂಗ್ ಕೊಡ್ತೀರಿ!" ನಕ್ಕ. "ನನ್ನ ಮಕ್ಕಳೂ ಅದರಲ್ಲೇ ಕೂತುಕೊಳ್ಳುದಲ್ವಾ? ನಾನೇನು ಅವರನ್ನು ಕೊಲ್ಲಲಿಕ್ಕೆ ಕರ್ಕೊಂಡು ಹೋಗ್ತೇನಾ?"

ದನಿ ಏರಿಸದೆ ನನ್ನ ಟೈರು ಎಲ್ಲಿದೆ ಎಂದು ಕೇಳಿದೆ. ಎಂಜಿನಿಯರರ ಬಾಲ್ಕನಿಯಲ್ಲಿತ್ತು. ಭಾನುವಾರ ಅವರ ಟೆಸ್ಟ್.

ಎಂಜಿನಿಯರರು ಬಾಗಿಲು ತೆಗೆದು, ಕೂರಿ ಎಂದರು. ನಾನು ಕೂರದೆ ನನ್ನ ಟೈರು ಕೇಳಿದೆ.

"ಒಂದು ದಿನದ ಮಾತಲ್ವಾ ಸಾರ್? ಸೋಮವಾರ ನಿಮ್ಮ ಡಿಕ್ಕೀಲಿ ಇರುತ್ತೆ."

"ನಿಮ್ಮ ಹುಡುಗ ಹೋಗುವ ಗಾಡಿಯ ಟೈರು ನೋಡಿದ್ದೀರಾ? ತಂತಿ ಕಾಣ್ತಿದೆ."

"ಇಲ್ಲ ಬಿಡಿ ಸಾರ್. ಅದು ಹೋದ ವಾರ ತಾನೇ ಪಾಸಾಗಿರೋ ಗಾಡಿ."

"ಆ ದಿನ ಅದಕ್ಕೆ ಹಾಕಿದ್ದು ಯಾರ ಟೈರು?"

"ಒಂದು ನಂದೇ," ಎಂದರು.

ನನಗೆ ಅತಿ ಹೆಚ್ಚು ಸಿಟ್ಟು ಬಂದದ್ದು ಆ ಕ್ಷಣ. ಪಕ್ಕದ ಮನೆಯವನು ಪೊಲೀಸರಿಗೆ ಮೋಸ ಮಾಡಿದ್ದ. ಇವರು ತಮ್ಮ ಕೈಯಾರೆ ಟೈರು ಕೊಟ್ಟು, ಆ ಟೈರು ಗಳಿಸಿದ ಪಾಸನ್ನು ನಂಬಿ, ಮಗನನ್ನು ಆ ಗಾಡಿಗೆ ಹತ್ತಿಸುತ್ತಿದ್ದರು. ನನ್ನ ಟೈರನ್ನು ಮೆಟ್ಟಿಲ ಮೇಲೆ ಉರುಳಿಸಿಕೊಂಡೇ ಇಳಿದೆ. ಸದ್ದಿಗೆ ಎರಡು ಬಾಗಿಲು ತೆರೆದವು. "ಒಂದು ಟೈರಿಗೆ ಇಷ್ಟೊಂದು ರಂಪ ಬೇಕಿತ್ತಾ?" ಎಂದು ಯಾರೋ ಹಿಂದಿಯಲ್ಲಿ ಅಂದದ್ದು ಕೇಳಿಸಿತು.

ನನ್ನ ಹಟದಿಂದ ಟೈರುಗಳ ಓಡಾಟ ನಿಂತಿತು. ಆದರೆ ಯಾವ ಗಾಡಿಯನ್ನು ನಿಲ್ಲಿಸಬೇಕಿತ್ತೋ ಅದು ಆಗಲೇ ಪಾಸಾಗಿತ್ತು. ಸಂಜೆ ಮಗಳಿಗೆ, ನಾಳೆಯಿಂದ ನಾನೇ ಶಾಲೆಗೆ ಬಿಡುತ್ತೇನೆ, ಆ ಕಾರಿನ ಟೈರು ಸರಿಯಿಲ್ಲ ಎಂದೆ.

"ದೆನ್ ವೈ ಆರ್ ದೆ ಗೋಯಿಂಗ್, ಅಪ್ಪಾ?" ಎಂದು ಕೇಳಿದಳು.

ಮತ್ತೆ ಮೇಲೆ ಹೋಗಿ ಎಂಜಿನಿಯರರಿಗೆ, ಬೆಳಿಗ್ಗೆ ಹುಡುಗನನ್ನು ನನ್ನ ಗಾಡಿಗೆ ಕಳಿಸಿ ಎಂದೆ. ಇಳಿದು ಬಂದು ಪಕ್ಕದ ಮನೆಯ ಬಾಗಿಲನ್ನೂ ತಟ್ಟಿದೆ. ಅವನ ಹೆಂಡತಿ ತೆಗೆದಳು. ಒಳಗಿನಿಂದ ಅವನು "ಯಾರದು?" ಎಂದ. ಅವಳಿಗೆ ಕೇಳಿಸುವಷ್ಟೇ ಹೇಳಿದೆ, "ಅಮ್ಮಾ, ಒಮ್ಮೆ ಕೆಳಗೆ ಹೋಗಿ ಹಿಂದಿನ ಟೈರಿನ ಮೇಲೆ ಕೈಯಿಟ್ಟು ನೋಡು." ಅವಳು ಬಾಗಿಲು ಹಾಕಿಕೊಂಡಳು.

ಶನಿವಾರ ಬೆಳಿಗ್ಗೆ ನೈಟ್ ಡ್ಯೂಟಿಯ ನಿದ್ದೆಗಣ್ಣಿನಲ್ಲೇ ಕಾರು ಸ್ಟಾರ್ಟ್ ಮಾಡಿದೆ. ಮಗಳು, ಎಂಜಿನಿಯರರ ಮಗ ಹತ್ತಿದರು. ಪಕ್ಕದ ಮನೆಯವನು ತನ್ನ ಕಾರಿನ ಬಳಿ ನಿಂತು, ನಮ್ಮನ್ನು ನೋಡದೆ, ಗಾಜು ಒರೆಸುತ್ತಿದ್ದ. ಅಷ್ಟರಲ್ಲಿ ಅವನ ಹೆಂಡತಿ ಇಬ್ಬರು ಮಕ್ಕಳ ಕೈ ಹಿಡಿದು ಇಳಿದು ಬಂದಳು. ಗಂಡನ ಕಾರನ್ನು ದಾಟಿ ನೇರ ನನ್ನ ಕಾರಿನ ಬಾಗಿಲು ತೆಗೆದಳು.

"ಅಣ್ಣ, ಇವರನ್ನೂ ಕರ್ಕೊಂಡು ಹೋಗಿ."

"ಏಯ್, ಎಂತದು ಇದು?" ಎಂದ ಅವನು.

ಅವಳು ಅವನ ಕಡೆ ತಿರುಗಿ ಅಂಗೈ ತೋರಿಸಿದಳು. ಬೆರಳ ತುದಿಗೆ ತಂತಿ ಗೀರಿದ ಗಾಯವಿತ್ತು. ಅವನು ಬಟ್ಟೆ ಕೆಳಗಿಟ್ಟ.

ಮಕ್ಕಳನ್ನು ಶಾಲೆಗೆ ಬಿಟ್ಟು ತಪಾಸಣೆಗೆ ಹೋದೆ. ಗಾಡಿ ಪಾಸಾಯಿತು. ಮರಳಿ ಬಂದಾಗ ಅವನ ಕಾರು ಇಟ್ಟಿಗೆಗಳ ಮೇಲಿತ್ತು, ನಾಲ್ಕೂ ಚಕ್ರಗಳಿರಲಿಲ್ಲ. ಅವುಗಳನ್ನು ಟ್ಯಾಕ್ಸಿಯಲ್ಲಿ ಹೇರಿಕೊಂಡು ಟೈರು ಅಂಗಡಿಗೆ ಹೋಗಿದ್ದಾನೆ ಎಂದು ಹೆಂಡತಿ ಹೇಳಿದಳು. ಆಮೇಲೆ ಅವನು ನನ್ನೊಡನೆ ಮಾತಾಡಲಿಲ್ಲ. ನಾನೂ ಮಾತಾಡಿಸಲಿಲ್ಲ.