ತಾಂಡೂರಿನ ಸೋಮವಾರ

ಭಾನುವಾರ ಬೆಳಿಗ್ಗೆ ಹೈದರಾಬಾದಿನಲ್ಲಿ ನಾರಾಯಣಖೇಡದ ಬಸ್ಸು ಹತ್ತಿದೆ. ಆಧಾರ್ ಕಾರ್ಡ್ ನೋಡಿ ಕಂಡಕ್ಟರು ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟರು. ಚೀಲದಲ್ಲಿ ಒಂದು ಜೊತೆ ಬಟ್ಟೆ, ನೀರು, ಅವಲಕ್ಕಿಯ ಡಬ್ಬಿ. ಹೊರಟದ್ದು ನನ್ನ ವಿದ್ಯಾರ್ಥಿನಿಯೊಬ್ಬಳನ್ನು ಮರಳಿ ತರಗತಿಗೆ ಕರೆಯಲು. ಅವಳ ಮುಖವನ್ನು ನಾನು ಕಂಡೇ ಇರಲಿಲ್ಲ.

ಕಂಪನಿಯೊಂದರಲ್ಲಿ ಕ್ಲೌಡ್ ವಿಭಾಗದ ಮ್ಯಾನೇಜರ್ ನಾನು. ಎಲ್ಲೋ ದೂರದಲ್ಲಿರುವ ಕಂಪ್ಯೂಟರುಗಳನ್ನು, ಅಂದರೆ ಸರ್ವರುಗಳನ್ನು, ಬಾಡಿಗೆಗೆ ಹಿಡಿದು ಇಲ್ಲಿಂದ ನಡೆಸುವ ಕೆಲಸ. ಮುಟ್ಟಿ ನೋಡುವಂಥದ್ದು ಏನೂ ಇಲ್ಲ. ಶನಿವಾರ ಸಂಜೆ ಅದೇ ವಿದ್ಯೆಯನ್ನು ತೆಲಂಗಾಣದ ಗಡಿಯ ನಮ್ಮ ಕಡೆಯವರಿಗೆ ಆನ್‌ಲೈನಿನಲ್ಲಿ, ಕನ್ನಡದಲ್ಲೇ ಕಲಿಸುತ್ತೇನೆ. ಡೇಟಾ ಉಳಿಸಲು ಯಾರೂ ಕ್ಯಾಮೆರಾ ಹಾಕುವುದಿಲ್ಲ. ತಾಂಡೂರಿನ ಮಹಾದೇವಿ ಬಂದಳೆಂದು ತಿಳಿಯುತ್ತಿದ್ದದ್ದು ಅವಳ ಹಿಂದೆ ಗರ್ರೆನ್ನುವ ಕಲ್ಲು ಪಾಲಿಶ್ ಯಂತ್ರದಿಂದ. “ಅಕ್ಕೋರ, ತಿಳೀಲಿಲ್ಲ, ಇನ್ನೊಮ್ಮೆ ಹೇಳ್ರಿ” ಎಂದು ಧೈರ್ಯವಾಗಿ ಕೇಳುವವಳು ಅವಳೊಬ್ಬಳೇ. ಕೆಲವು ವಾರಗಳಿಂದ ಆ ಸದ್ದಿಲ್ಲ. ಬರುವ ಶನಿವಾರ ಕೊನೆಯ ಪರೀಕ್ಷೆ.

ನಾರಾಯಣಖೇಡದಲ್ಲಿ ರಾತ್ರಿ ಅಕ್ಕನ ಮನೆಯಲ್ಲಿ ಉಳಿದೆ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ.

“ಫೋನ್ ಮಾಡಿದ್ರ ಮುಗೀತಿತ್ತಲ್ಲ?” ಎಂದಳು ಅಕ್ಕ.

“ಎತ್ತವಲ್ಲಳು.”

“ಹಂಗಾದ್ರ ಹೋಗವ್ವ. ಸಣ್ಣಾಕಿ ಇದ್ದಾಗಿಂದ ನಿನಗ ಸಾಲಿ ಹುಚ್ಚು” ಎಂದು ಮತ್ತೊಂದು ರೊಟ್ಟಿ ಹಾಕಿದಳು.

ಸೋಮವಾರ ರಾಯಿಕೋಡ್ ಮೇಲೆ ಹಾಯ್ದು ಜಹೀರಾಬಾದ್ ತಲುಪಿದೆ. ದಾರಿಯುದ್ದಕ್ಕೂ ಕಬ್ಬು, ಶುಂಠಿ, ಮೋಡವಿಲ್ಲದ ಬಿಸಿಲು. ಬಸ್ ನಿಲ್ದಾಣದ ಎದುರು ಜೆರಾಕ್ಸ್ ಅಂಗಡಿ ಇಟ್ಟಿರುವ ಗುಂಡಪ್ಪನೂ ನನ್ನ ವಿದ್ಯಾರ್ಥಿಯೇ. ಮಹಾದೇವಿಯ ತಪ್ಪಿನಿಂದ ಪೆಟ್ಟು ತಿಂದವನು ಅವನು. ಅಭ್ಯಾಸಕ್ಕೆಂದು ಎಲ್ಲರಿಗೂ ಒಂದೇ ಖಾತೆ ಇತ್ತು. ಒಂದು ಸೋಮವಾರ ಅವಳು ಎಲ್ಲರ ಸರ್ವರುಗಳನ್ನೂ ನಿಲ್ಲಿಸಿಬಿಟ್ಟಳು. ಸರ್ವರು ನಿಂತರೆ ಅಳಿಯುವ ತಾತ್ಕಾಲಿಕ ಜಾಗದಲ್ಲಿಟ್ಟಿದ್ದ ಗುಂಡಪ್ಪನ ಕೆಲಸವೆಲ್ಲ ಅಳಿಸಿಹೋಯಿತು. ಸೋಮವಾರ ಬಸವಣ್ಣನ ವಾರವೆಂದು ನಮ್ಮ ಕಡೆ ಎತ್ತಿಗೆ ನೊಗ ಹೂಡುವುದಿಲ್ಲ. ತರಗತಿಯ ವಾಟ್ಸಾಪ್ ಗುಂಪಿನಲ್ಲಿ ನಗೆಯಾಡಲು ಅಷ್ಟು ಸಾಕಾಯಿತು.

“ಸರ್ವರಿನ ಕೊರಳಿಗೂ ಗಂಟಿ ಕಟ್ಟವ್ವಾ ಅಂತ ನಾನೇ ಬರದಿದ್ದೆ ರೀ ಅಕ್ಕೋರ. ಚಾಷ್ಟಿ ಮಾಡಾಕ ಹೋದೆ, ಆಕಿ ಗುಂಪೇ ಬಿಟ್ಟು ಹೋದಳು” ಎಂದ ಗುಂಡಪ್ಪ. “ಕೆಲಸ ಮತ್ತ ಮಾಡೀನ್ರಿ, ಮೊದಲಿಗಿಂತ ಚಲೋ ಆಗ್ಯಾದ. ಬಾ ಅಂತ ಹೇಳ್ರಿ.” ಹಸಿಶುಂಠಿಯ ಪೊಟ್ಟಣವೊಂದನ್ನು ಅವಳಿಗೆಂದು ಕೈಗಿಟ್ಟ.

ತಾಂಡೂರು ಮುಟ್ಟುವಾಗ ಮಧ್ಯಾಹ್ನ ಇಳಿದಿತ್ತು. ರಸ್ತೆಬದಿಯ ಗಿಡಗಳ ಮೇಲೆಲ್ಲ ಬಿಳಿ ಕಲ್ಲುಪುಡಿ. ತರಗತಿಗೆ ಸೇರುವಾಗ ಅವಳು ಬರೆದಿದ್ದ ವಿಳಾಸದ ಮನೆಗೆ ಹತ್ತಿದಂತೆಯೇ ಪಾಲಿಶ್ ಶೆಡ್ಡು. ಯಂತ್ರ ಮಾತ್ರ ಸುಮ್ಮನಿತ್ತು. ದಾರಿಯುದ್ದಕ್ಕೂ ಆ ಸದ್ದಿಗೆ ಕಿವಿ ಕೊಟ್ಟು ಬಂದವಳಿಗೆ ಒಂದು ಕ್ಷಣ ಬೇರೆ ಮನೆಗೆ ಬಂದೆನೇನೋ ಅನ್ನಿಸಿತು.

ಮೂವತ್ತೈದರ ಆಸುಪಾಸಿನ ಹೆಂಗಸು ಹೊರಬಂದು, “ಯಾರ್ ಬೇಕಾಗಿತ್ರಿ?” ಎಂದಳು. ದನಿ ಅವಳದೇ.

“ತಿಳೀಲಿಲ್ಲಂದ್ರ ಇನ್ನೊಮ್ಮೆ ಹೇಳ್ತೀನವ್ವ” ಎಂದೆ.

ಸೆರಗು ಬಾಯಿಗೆ ಹೋಯಿತು. “ಅಯ್ಯ, ಅಕ್ಕೋರ! ನೀವ್ರಿ?”

ಒಳಗೆ ಕೂರಿಸಿ ತಾನಾಗಿಯೇ ಹೇಳಿದಳು. “ನಮ್ಮ ಮಾವನೋರು ಎತ್ತು ಮಾರಿ ಮಿಷನ್ ಇಟ್ರು. ಆದ್ರೂ ಸೋಮಾರ ಮಿಷನ್‌ಗೂ ಸೂಟಿ. ಖಾಲಿ ನಿಂತ ಸರ್ವರ್ ಬಂದ್ ಮಾಡ್ರಿ, ಬಿಲ್ ಓಡ್ತದ ಅಂತ ನೀವು ಹೇಳಿದ್ರಿ. ಅವತ್ತು ಯಾರೂ ಕೆಲಸ ಮಾಡ್ತಿರಲಿಲ್ಲ, ನಿಲ್ಲಿಸ್ದೆ.”

“ನಮ್ಮ ಆಫೀಸಿನಾಗೂ ಶನಿವಾರ, ಐತಾರ ನಿಲ್ಲಿಸ್ತೀವಿ. ಮೊದಲ ಕೇಳ್ತೀವಿ, ಅಷ್ಟೇ.”

“ಖರೆ?” ಎಂದು ನನ್ನ ಮುಖವನ್ನೇ ನೋಡಿದಳು. ಶುಂಠಿಯ ಪೊಟ್ಟಣ ಕೊಟ್ಟೆ. ಬಿಚ್ಚಿ ಮೂಸಿದಳು. “ಭಾಳ ಖಾರ ಅದ. ಗುಂಡಪ್ಪನ ಬಾಯಿ ಇದ್ದಂಗ” ಎಂದು ನಕ್ಕು ಅದನ್ನೇ ಜಜ್ಜಿ ಚಹಾ ಮಾಡಿದಳು. ಪರೀಕ್ಷೆಯ ಮಾತೆತ್ತಿದಾಗ ಮಾತ್ರ ಲೋಟ ತಿರುಗಿಸುತ್ತ, “ನೋಡ್ತೀನ್ರಿ” ಎಂದಳು.

ಸಂಜೆಯ ರೈಲಿಗೆ ಹೊರಟೆ. ಓಣಿಯ ತಿರುವಿನಲ್ಲಿ ಹಿಂದಿರುಗಿ ನೋಡಿದಾಗ ಅವಳು ಸುಮ್ಮನಿದ್ದ ಯಂತ್ರದ ಪಕ್ಕ ಕೈಬೀಸುತ್ತಿದ್ದಳು. ಮುಖವೇನೋ ಸಿಕ್ಕಿತು, ಸದ್ದನ್ನು ಕೇಳದೆಯೇ ಊರು ಬಿಟ್ಟೆ.

ಶನಿವಾರ ಪರೀಕ್ಷೆಗೆ ಒಬ್ಬೊಬ್ಬರೇ ಸೇರಿಕೊಂಡರು. ಹೊತ್ತಾಗುತ್ತಿತ್ತು. ಪ್ರಶ್ನೆಗಳನ್ನು ತೆರೆಯಬೇಕು ಅನ್ನುವಷ್ಟರಲ್ಲಿ ಗರ್ರೆಂಬ ಸದ್ದು ಕೋಣೆ ತುಂಬಿತು.

“ಬಂದ್ರು ನೋಡ್ರಿ ನಮ್ಮ ಸೋಮಾರದ ಅಕ್ಕ! ಮೈಕ್ ಬಂದ್ ಮಾಡವ್ವಾ, ಕಿವಿ ಹೋಗ್ತಾವ” ಎಂದ ಗುಂಡಪ್ಪ.

“ಇರಲಿ ಬಿಡಪ್ಪ, ಸ್ವಲ್ಪ ಹೊತ್ತು” ಎಂದೆ.