ಅನುಮೋದಕರು ಯಾರು?

ಹೊಳೆನರಸೀಪುರದ ಹತ್ತಿರದ ನಮ್ಮೂರ ಸಹಕಾರಿ ಬ್ಯಾಂಕ್ ಮುಳುಗುವಂತಾದಾಗ ಸರ್ಕಾರ ತೆರಿಗೆ ಹಣ ಹಾಕಿ ಉಳಿಸಿತು. ಆ ವರ್ಷದ ಮಹಾಸಭೆಯಲ್ಲೇ ಮ್ಯಾನೇಜರಿಗೆ ಬೋನಸ್ ಕೊಡುವ ಠರಾವು ಬಂತು. ಹಾಸನದ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬೀಗುತ್ತಿದ್ದ ನಾನು ಎದ್ದು, ಮುಳುಗಿಸಿದವರಿಗೆ ಬಹುಮಾನವೇಕೆ, ಬೋನಸ್ ಕೈಬಿಡಿ ಎಂದೆ.

ಅಧ್ಯಕ್ಷರು ನಕ್ಕರು. "ನಿನ್ ಮಾತ್ಗೆ ಅನುಮೋದಕರು ಯಾರ್ಲಾ? ಇನ್ನೊಬ್ರು ಒಪ್ದಿದ್ರೆ ಅದು ಠರಾವೇ ಅಲ್ಲ. ಕೂತ್ಕೋ."

ಸಭೆಗೆ ಊಟದ ಅವಸರ. ಒಂದು ಕೈಯೂ ಏಳಲಿಲ್ಲ. ಆಗ ವೇದಿಕೆಯಲ್ಲಿದ್ದ ನಿರ್ದೇಶಕಿ, ನನ್ನ ಸೋದರತ್ತೆ, ಎದ್ದು ನಿಂತರು.

"ನಾನಿದೀನಿ ಕಣಣ್ಣ. ಆ ಬೋನಸ್‌ಗೆ ಒಪ್ಪಿ ಸೈನ್ ಆಕ್ದೋಳೂ ನಾನೇಯ. ಓಟ್ ಈಸ್ಕೊಂಡು ಇಲ್ಲಿ ಕೂತಿರೋರು ನಾವು, ತಪ್ಪೂ ನಮ್ದೇ."

ಆಮೇಲೆ ಕೈಗಳು ಎದ್ದವು, ಬೋನಸ್ ಬಿದ್ದುಹೋಯಿತು. ಮುಂದಿನ ಚುನಾವಣೆಯಲ್ಲಿ ಅತ್ತೆಯನ್ನೂ ಬೀಳಿಸಿದರು. ಅಧಿಕಾರದಲ್ಲಿರುವವರು ತಪ್ಪೊಪ್ಪುವುದೇ ಇಲ್ಲ ಎಂದು ಯಾರಾದರೂ ವಾದಿಸಿದರೆ, ಅತ್ತೆಯ ದಯೆಯಿಂದ ಈಗ ನಾನು ಎದುರು ಪಕ್ಷ.